ರೇಡಿಯೋದಲ್ಲಿ ಬಾರದ ಸುದ್ದಿ

೧೩ ಅಕ್ಟೋಬರ್ ೧೯೯೦, ಶನಿವಾರ. ಮತ್ರಾ, ಮಸ್ಕತ್

ನಮ್ಮ ಮೆಸ್ಸಿನಲ್ಲಿ ಇವತ್ತು ಹದಿನೇಳು ಜನ. ಊಟದ ಲೆಕ್ಕದಲ್ಲಿರುವವರು ಒಂಬತ್ತೇ ಮಂದಿ. ಮಿಕ್ಕ ಎಂಟು ಜನ ಬಂದದ್ದು ಅಡುಗೆಯ ಗುರುವನ ಮೀನುಸಾರಿಗಲ್ಲ, ನನ್ನ ಬಾಯಿಗೆ.

ಮಧ್ಯಾಹ್ನ ಒಂದಕ್ಕೆ ಇಲ್ಲಿನ ಪೇಟೆಯ, ಅಂದರೆ ಸೂಕಿನ, ಅಂಗಡಿಗಳು ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ. ಮೊದಲೆಲ್ಲ ಆ ಹೊತ್ತಿನಲ್ಲಿ ಉಂಡು ಮಲಗುತ್ತಿದ್ದೆವು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಂದಿನಿಂದ ಉಂಡು ರೇಡಿಯೋ ಕೇಳುತ್ತೇವೆ. ರೇಡಿಯೋ ಆಡುವುದು ಇಂಗ್ಲಿಷ್. ಅದು ತಿಳಿಯುವವರು ನಮ್ಮಲ್ಲಿ ಇಬ್ಬರು. ಒಬ್ಬ ಹೆರಾಲ್ಡ್, ಅಮೆರಿಕದವರ ಕಂಪನಿಯೊಂದರಲ್ಲಿ ಟೈಪಿಸ್ಟ್. ಕೇಳಿದಷ್ಟನ್ನೇ ಹೇಳುತ್ತಾನೆ, ಹಾಗಾಗಿ ಅವನನ್ನು ಯಾರೂ ಕೇಳುವುದಿಲ್ಲ. ಇನ್ನೊಬ್ಬ ನಾನು: ದೂಮಪ್ಪ, ಏಳನೇ ಕ್ಲಾಸು, ಈ ಮೆಸ್ಸಿನ ಕೆಳಗಿರುವ ಬಟ್ಟೆ ವ್ಯಾಪಾರಿಯ ಗೋದಾಮು ನೋಡಿಕೊಳ್ಳುವವನು, ಪೆಟ್ಟಿಗೆಗಳ ಮೇಲಿನ ಚೀಟಿ ಓದಿ ಓದಿ ಇಂಗ್ಲಿಷ್ ಕಲಿತವನು. ಆದರೆ ಊರಿನಲ್ಲಿ ಹತ್ತು ವರ್ಷ ತಾಳಮದ್ದಲೆಯಲ್ಲಿ ಅರ್ಥ ಹೇಳಿದ್ದೇನೆ. ಭಾಗವತರು ನಾಲ್ಕು ಸಾಲು ಹಾಡುತ್ತಾರೆ, ಅರ್ಥಧಾರಿ ಅದರ ಮೇಲೆ ಅರ್ಧ ಗಂಟೆ ಮಾತು ಕಟ್ಟುತ್ತಾನೆ. ಪದದಲ್ಲಿ ಇಲ್ಲದ್ದನ್ನು ಹೇಳದವನು ಎಂಥ ಅರ್ಥಧಾರಿ? ಇಲ್ಲಿ ನನಗೆ ರೇಡಿಯೋವೇ ಭಾಗವತ.

ಇವತ್ತಿನ ಪದ ವಾಷಿಂಗ್ಟನ್ನಿನದು. ಹದಿನೈದು ವರ್ಷದ ಕುವೈತಿ ಹುಡುಗಿಯೊಬ್ಬಳು ಅಲ್ಲಿನ ಸಂಸತ್ತಿನ ಕೆಲವು ಸದಸ್ಯರ ಮುಂದೆ ಅತ್ತುಕೊಂಡು ಸಾಕ್ಷಿ ಹೇಳಿದಳಂತೆ. ಸೈನಿಕರು ಆಸ್ಪತ್ರೆಗೆ ನುಗ್ಗಿ, ದಿನ ತುಂಬದ ಕೂಸುಗಳನ್ನು ಬೆಚ್ಚನೆಯ ಪೆಟ್ಟಿಗೆಗಳಿಂದ ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರಂತೆ. ರೇಡಿಯೋದಲ್ಲಿ ಅದು ಒಂದು ನಿಮಿಷವೂ ಆಗಲಿಲ್ಲ. ನಾನು ಇಪ್ಪತ್ತು ನಿಮಿಷ ಎಳೆದೆ. ಕೂಸುಗಳ ಬೆರಳು, ನೆಲದ ಟೈಲ್ಸು, ಬೂಟಿನ ಸದ್ದು, ಒಂದನ್ನೂ ಬಿಡಲಿಲ್ಲ. ಗುರುವ ಎಂದಿನಂತೆ ಟೇಪ್‌ರೆಕಾರ್ಡರ್ ಒತ್ತಿ ಇಟ್ಟಿದ್ದ. ಅವನ ತಾಯಿಗೆ ಓದು ಬಾರದು. ಕಾಗದದ ಬದಲು ಕ್ಯಾಸೆಟ್ ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ಕೊಡುತ್ತಾನೆ. ತನ್ನ ಕ್ಷೇಮ ಸಮಾಚಾರ ಐದು ನಿಮಿಷ, ಮಿಕ್ಕದ್ದು ನಾನು.

ಆಗ ಹಿಂದಿನಿಂದ ಯಾರೋ ‘ಅಲ್ಲಿದ್ದ ನರ್ಸುಗಳು ಎಂತ ಮಾಡ್ತಿದ್ರು?’ ಎಂದರು.

ರೇಡಿಯೋ ನರ್ಸುಗಳ ಮಾತೇ ಎತ್ತಿರಲಿಲ್ಲ. ಆದರೆ ಹದಿನೇಳು ಜನ ನನ್ನ ಮುಖ ನೋಡುತ್ತಿದ್ದರು. ನೀರಿನ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿದೆ. ‘ನರ್ಸುಗಳದ್ದು ಕೇಳ್ಬೇಡಿ. ರೇಡಿಯೋದವ ಹೇಳಿದ. ನನ್ನ ಬಾಯಲ್ಲಿ ಅದು ಬರುವುದಿಲ್ಲ.’

ಗುರುವ ಹೆಗಲ ಬೈರಾಸಿನಿಂದ ಕಣ್ಣೊರೆಸಿಕೊಂಡ. ಪದವೇ ಇಲ್ಲದೆ ಕಟ್ಟಿದ ಅರ್ಥ! ಅಷ್ಟು ಚೆನ್ನಾಗಿ ಕೂಡಿಬರುವುದು ವರ್ಷಕ್ಕೊಮ್ಮೆ.

ಕೈ ತೊಳೆಯುವಾಗ ನೆನಪಾಯಿತು. ನಗರದ ಹೊರಗೆ ಅಲ್ ಹೈಲಿನಲ್ಲಿರುವ ನಮ್ಮ ಊರ ಕಡೆಯ ಭೋಜರಾಜನ ಹೆಂಡತಿ ಉಮಾವತಿಯ ತಂಗಿ ವಿನೋದಾ ಕುವೈತಿನ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಎರಡು ತಿಂಗಳಿಂದ ಅವಳ ಸುದ್ದಿಯಿಲ್ಲ. ಅವಳಿಗೂ ಗುರುವನ ತಮ್ಮನಿಗೂ ಮದುವೆ ನಿಶ್ಚಯವಾಗಿದೆ. ಗುರುವ ಕಣ್ಣೊರೆಸಿದ್ದು ನನ್ನ ಮಾತಿನ ಚಂದಕ್ಕಲ್ಲ.

ಭೋಜರಾಜ ಮೆಸ್ಸಿಗೆ ಬರುವವನಲ್ಲ. ಅಷ್ಟರಮಟ್ಟಿಗೆ ಒಳ್ಳೆಯದಾಯಿತು.

೧೯ ಅಕ್ಟೋಬರ್, ಶುಕ್ರವಾರ

ಅಲ್ ಹೈಲಿನಲ್ಲಿ ಪಾಯಸದೂಟ. ವಿನೋದಾ ಬದುಕಿದ್ದಾಳೆ, ಊರು ಸೇರಿದ್ದಾಳೆ. ಬಸ್ಸಿನಲ್ಲಿ ಬಗ್ದಾದ್, ಅಲ್ಲಿಂದ ಅಮ್ಮಾನ್, ಹತ್ತು ದಿನ ಗುಡಾರದಲ್ಲಿದ್ದು ಒಂಬತ್ತನೇ ತಾರೀಕು ವಿಮಾನದಲ್ಲಿ ಬೊಂಬಾಯಿಗೆ ಇಳಿದಳಂತೆ. ಅಂದರೆ ನಾನು ಮೆಸ್ಸಿನಲ್ಲಿ ಕಣ್ಣು ಮುಚ್ಚಿದ ದಿನ ಅವಳು ತಾಯಿಯ ಮನೆಯಲ್ಲಿ ಗಂಜಿ ಉಣ್ಣುತ್ತಿದ್ದಳು.

‘ಇನ್ನೊಂದು ಸೌಟು ಹಾಕ್ತೇನೆ ದೂಮಣ್ಣ, ಬೇಡ ಹೇಳ್ಬಾರ್ದು ಇವತ್ತು’ ಎಂದಳು ಉಮಾವತಿ. ಬೇಡ ಅನ್ನಲಿಲ್ಲ. ಲೆಕ್ಕಕ್ಕೆ ಸಿಗದ ಬಟ್ಟೆಯ ಥಾನು ಮರುವಾರ ಬೇರೆ ಕಪಾಟಿನಲ್ಲಿ ಸಿಕ್ಕಿದರೆ ಎಷ್ಟು ಹಗುರವೋ ಅಷ್ಟು ಹಗುರವಾಯಿತು. ಮೂರು ಸಲ ಹಾಕಿಸಿಕೊಂಡೆ.

೨ ಡಿಸೆಂಬರ್, ಭಾನುವಾರ

ಗುರುವ ಇವತ್ತು ಸಾರಿಗೆ ಉಪ್ಪು ಹಾಕಲು ಮರೆತ. ಎಲ್ಲರೂ ಎದ್ದ ಮೇಲೆ ನನ್ನ ಪಕ್ಕ ಬಂದು ಕೂತ.

‘ಅಮ್ಮ ಆ ಸಂಬಂಧ ಬೇಡ ಅಂದಿದ್ದಾರೆ, ದೂಮಣ್ಣ.’

‘ಯಾಕೆ? ಹುಡುಗಿ ಸುಖವಾಗಿ ಬಂದಿದ್ದಾಳಲ್ಲ?’

‘ಬಂದಿದ್ದಾಳೆ. ಹೇಗೆ ಬಂದಿದ್ದಾಳೆ ಅಂತ ಯಾರಿಗೆ ಗೊತ್ತು? ನೀವೇ ಹೇಳಿದ್ದಲ್ವಾ, ನಿಮ್ಮ ಬಾಯಲ್ಲಿ ಬರುವುದಿಲ್ಲ ಅಂತ. ಅಮ್ಮ ಆ ಕ್ಯಾಸೆಟ್ ಮೂರು ಸಲ ಹಾಕಿ ಕೇಳಿದ್ರಂತೆ. ಆಚೆಮನೆಯವರನ್ನೂ ಕರೆದು ಕೇಳಿಸಿದ್ರಂತೆ. ಇನ್ನು ನಾವು ಬಿಟ್ರೂ ಊರು ಬಿಡುವುದಿಲ್ಲ.’

ಹೇಳಬೇಕಾದದ್ದು ಒಂದೇ ವಾಕ್ಯ. ಬಾಯಿಗೆ ಬಂದದ್ದು ಇನ್ನೊಂದು: ‘ರೇಡಿಯೋದವ ಎಲ್ಲ ಆಸ್ಪತ್ರೆಯ ವಿಷಯ ಹೇಳಲಿಲ್ಲ ಮಾರಾಯ.’ ಗುರುವನ ದುಃಖ ಕಡಿಮೆ ಮಾಡಲು ಹಾಗೆಂದೆ. ಹಾಗೆನ್ನುವಾಗ ರೇಡಿಯೋದ ಹೆಸರನ್ನು ಎರಡನೇ ಸಲ ಹೇಳಿದ್ದೆ.

ಸರಿ, ಲೆಕ್ಕ ಹಾಕೋಣ. ನಾನು ಹೇಳಿದ್ದಾದರೂ ಏನು? ಏನೂ ಇಲ್ಲ. ಹೇಳಲಾರೆ ಎಂದೆ, ಅಷ್ಟೆ. ಹೇಳದ ಮಾತಿಗೆ ನಾನು ಜವಾಬ್ದಾರನೇ? ಅದರೊಳಗೆ ಏನೇನು ತುಂಬಿಸಿಕೊಂಡರೋ ಅದು ಗುರುವನ ತಾಯಿಯ ತಲೆಯಿಂದ ಬಂದ ಸರಕು. ನನ್ನ ಗೋದಾಮಿನದಲ್ಲ.

ಬರೆದು ಓದಿದೆ. ಇದೂ ಚೆನ್ನಾಗಿ ಕೂಡಿಬಂದಿದೆ. ನನಗೇ ಹೇಸಿಗೆ ಆಯಿತು.

೭ ಡಿಸೆಂಬರ್, ಶುಕ್ರವಾರ

ಅಲ್ ಹೈಲಿಗೆ ಹೋಗಬಾರದೆಂದಿದ್ದೆ. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಹೋದೆ.

ಉಮಾವತಿಯ ಕಣ್ಣು ಊದಿತ್ತು. ವಿನೋದಾಳ ಕಾಗದ ತಂದು ಓದಿದಳು. ‘ಸೆಪ್ಟೆಂಬರ್ ಇಪ್ಪತ್ತನಾಲ್ಕರವರೆಗೆ ಅದೇ ವಾರ್ಡಿನಲ್ಲಿದ್ದೆ ಅಕ್ಕ. ಔಷಧಿ ಇರಲಿಲ್ಲ, ಹೆದರಿಕೆ ಇತ್ತು. ಊರವರು ಹೇಳುವಂಥದ್ದು ನಾನಿದ್ದಲ್ಲಿ ಆಗಲಿಲ್ಲ. ಆದರೆ ಅವರು ಏನು ಹೇಳುತ್ತಿದ್ದಾರೆ ಎಂದು ಯಾರೂ ನನಗೆ ಬಾಯಿಬಿಟ್ಟು ಹೇಳುವುದಿಲ್ಲ.’

ಉಮಾವತಿಯ ಮಗಳು, ಆರು ವರ್ಷ, ನನ್ನ ತೊಡೆಗೆ ಒರಗಿ ‘ಅಂಕಲ್, ಆಂಟಿ ವೆಡ್ಡಿಂಗ್ ಕ್ಯಾನ್ಸಲ್ಡಾ?’ ಎಂದಿತು. ಭೋಜರಾಜ ಅದನ್ನು ಎತ್ತಿಕೊಂಡು ಹೊರಗೆ ಹೋದ.

‘ಅಣ್ಣ, ರೇಡಿಯೋದಲ್ಲಿ ನಿಜಕ್ಕೂ ನರ್ಸುಗಳ ಬಗ್ಗೆ ಬಂದಿತ್ತಾ?’ ಎಂದಳು ಉಮಾವತಿ.

‘ಬಂದ ಹಾಗೆ ನೆನಪು’ ಎಂದೆ.

ಬಂದ ಹಾಗೆ ನೆನಪು! ಆಣೆ ಹಾಕಿ ಸುಳ್ಳು ಹೇಳುವವನಿಗೂ ಒಂದು ಮರ್ಯಾದೆ ಇರುತ್ತದೆ.

೧೩ ಜನವರಿ ೧೯೯೧, ಭಾನುವಾರ

ಅಮೆರಿಕದ ಸಂಸತ್ತು ಮೂರು ದಿನ ಚರ್ಚೆ ಮಾಡಿ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಮೇಲ್ಮನೆಯಲ್ಲಿ ಐವತ್ತೆರಡು, ನಲವತ್ತೇಳು. ಮೂರು ಜನ ಆ ಕಡೆಯಿಂದ ಈ ಕಡೆಗೆ ಸರಿದು ಕೂತಿದ್ದರೆ ಯುದ್ಧವಿಲ್ಲ. ಅಷ್ಟು ದೊಡ್ಡ ದೇಶ ನಡುವೆ ಸೀಳಿದ ಹಾಗೆ ಎರಡಾಗಿದೆ. ನಮ್ಮ ಮೆಸ್ಸೂ ಹಾಗೆಯೇ. ಗೋಡೆಯ ಕಡೆ ಕೂತವರು ಅಮೆರಿಕದವರು, ಕಿಟಕಿಯ ಕಡೆಯವರು ಬಗ್ದಾದಿನವರು. ಉಪ್ಪಿನಕಾಯಿ ದಾಟಿಸುವುದಕ್ಕೂ ರಾಜಿ ಮಾತುಕತೆ ಬೇಕು.

ಭಾಷಣ ಮಾಡಿದವರಲ್ಲಿ ಕೆಲವರು ಆ ಕೂಸುಗಳ ಮಾತೆತ್ತಿದರಂತೆ. ಅಧ್ಯಕ್ಷರೂ ಎಷ್ಟೋ ಸಲ ಎತ್ತಿದ್ದಾರೆ. ‘ಯಾರಾದ್ರೂ ಹೋಗಿ ನೋಡಿಕೊಂಡು ಬಂದಿದ್ದಾರಾ?’ ಎಂದು ಕೇಳಿದೆ.

‘ಹುಡುಗಿ ಅತ್ತಳಲ್ಲ’ ಎಂದ ಹೆರಾಲ್ಡ್. ಆಮೇಲೆ ತಡೆದು, ‘ಒಂದು ಒಳ್ಳೆಯದುಂಟು ದೂಮಣ್ಣ. ಯಾರು ಯಾವ ಕಡೆ ಮತ ಕೊಟ್ಟದ್ದು ಅಂತ ಅಲ್ಲಿ ಹೆಸರು ಸಮೇತ ಬರೆದಿಡ್ತಾರೆ. ಸುಳ್ಳು ಅಂತ ಆದ್ರೆ ನಾಳೆ ಕೇಳ್ಲಿಕ್ಕಾದ್ರೂ ಆಗ್ತದೆ.’

‘ಕೇಳಿದ್ರೆ ಅವರು ಎಂತ ಹೇಳ್ತಾರೆ?’

‘ನಮಗೂ ಹಾಗೇ ಹೇಳಿದ್ದು ಅಂತಾರೆ.’

ಎಲ್ಲರೂ ನಕ್ಕರು. ನಾನೂ ನಕ್ಕೆ, ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು.

೬ ಮಾರ್ಚ್, ಬುಧವಾರ

ಯುದ್ಧ ಮುಗಿಯಿತು. ಗುರುವ ರಜೆಯಲ್ಲಿ ಊರಿಗೆ ಹೊರಟ, ತಮ್ಮನಿಗೆ ಬೇರೆ ಹೆಣ್ಣು ನೋಡಲು. ಸೀಬ್ ವಿಮಾನ ನಿಲ್ದಾಣಕ್ಕೆ ನಾನೇ ಅಂಗಡಿಯ ಪಿಕಪ್ಪಿನಲ್ಲಿ ಬಿಟ್ಟು ಬಂದೆ. ದಾರಿಯಲ್ಲಿ ಹೇಳಿಬಿಡುವುದೆಂದು ನಿನ್ನೆಯೇ ನಿಶ್ಚಯ ಮಾಡಿದ್ದೆ. ರೂವಿ ದಾಟಿದ ಮೇಲೆ ಎಂದುಕೊಂಡೆ. ಕ್ಲಾಕ್ ಟವರ್ ಕಂಡ ಮೇಲೆ ಎಂದುಕೊಂಡೆ. ‘ನೀವು ಇವತ್ತು ಮಾತೇ ಆಡ್ಲಿಲ್ಲ ದೂಮಣ್ಣ, ಹುಷಾರಿಲ್ವಾ?’ ಎಂದ.

ಹೇಳಲಿಲ್ಲ.

೨೨ ಮೇ, ಬುಧವಾರ

ಗುರುವನ ತಮ್ಮನ ಮದುವೆ ಆಯಿತು. ಗುರುವ ಲಾಡು ತಂದಿದ್ದಾನೆ. ತಿಂದೆ.

೧೮ ಜನವರಿ ೧೯೯೨, ಶನಿವಾರ

ಹೆರಾಲ್ಡ್ ಆಫೀಸಿನಿಂದ ಹತ್ತು ದಿನ ಹಳೆಯ ಅಮೆರಿಕದ ಪತ್ರಿಕೆ ತಂದ. ಮೆಟ್ಟಿಲಲ್ಲೇ ಕೂಗಿಕೊಂಡು ಬಂದ.

ಅಂದು ಅತ್ತ ಹುಡುಗಿ ವಾಷಿಂಗ್ಟನ್ನಿನಲ್ಲಿರುವ ಕುವೈತ್ ರಾಯಭಾರಿಯ ಮಗಳಂತೆ. ಅದನ್ನು ಹೊರಗೆ ಹೇಳಿರಲಿಲ್ಲ. ಸಭೆ ನಡೆಸಿದವರಲ್ಲಿ ಒಬ್ಬರಿಗೆ ಆಗಲೇ ಗೊತ್ತಿತ್ತಂತೆ. ಪ್ರಚಾರದ ಕಂಪನಿಯೊಂದು ಅದನ್ನೆಲ್ಲ ಅಣಿಮಾಡಿಕೊಟ್ಟಿತ್ತಂತೆ. ಯುದ್ಧ ಮುಗಿದ ಮೇಲೆ ಕುವೈತಿಗೆ ಹೋಗಿ ವಿಚಾರಿಸಿದವರಿಗೆ ಕೂಸುಗಳ ಕಥೆಗೆ ಆಧಾರ ಸಿಕ್ಕಿಲ್ಲ.

‘ಸಭೆ ನಡೆಸಿದವರನ್ನು ಹಿಡಿದು ಕೇಳಿದ್ರಾ ಈಗ?’ ಎಂದೆ.

‘ಕೇಳಿದ್ದಾರೆ. ಹುಡುಗಿ ಯಾರ ಮಗಳಾದರೇನು, ಹೇಳಿದ್ದು ನಂಬುವ ಹಾಗಿತ್ತು ಅಂದ್ರಂತೆ. ಅಷ್ಟೇ. ಖಲಾಸ್.’

ಗೋಡೆಯ ಕಡೆಯವರೂ ಕಿಟಕಿಯ ಕಡೆಯವರೂ ಮೊದಲ ಸಲ ಒಟ್ಟಿಗೆ ಅಮೆರಿಕಕ್ಕೆ ಬೈದರು. ನಮ್ಮನ್ನೂ ಮಂಗ ಮಾಡಿದರಲ್ಲ ಎಂದರು. ಆ ಗದ್ದಲದ ನಡುವೆ ಗುರುವ ಮೆಲ್ಲಗೆ, ‘ಹಾಗಾದ್ರೆ ನರ್ಸುಗಳದ್ದೂ ಸುಳ್ಳಾ ದೂಮಣ್ಣ?’ ಎಂದ.

‘ಸುಳ್ಳೇ’ ಎಂದೆ.

‘ಥೂ, ಈ ಅಮೆರಿಕದವರು’ ಎಂದ.

ತಪ್ಪಿಸಿಕೊಳ್ಳುವ ಬಾಗಿಲು ತಾನಾಗಿ ತೆರೆಯಿತು. ನಾನು ಹೊರಗೆ ಬಂದೆ. ನನ್ನ ಸುಳ್ಳನ್ನು ಅವರ ದೊಡ್ಡ ಸುಳ್ಳಿನ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದಾಯಿತು, ಮೇಲೆ ವಾಷಿಂಗ್ಟನ್ನಿನ ಚೀಟಿ. ಇನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಸಂತೋಷವಾಗಬೇಕಿತ್ತು.

೧೪ ಫೆಬ್ರವರಿ, ಶುಕ್ರವಾರ

ವಿನೋದಾ ಮಸ್ಕತ್ತಿಗೆ ಬಂದು ಹತ್ತು ದಿನ ಆಗಿದೆಯಂತೆ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ. ಊರಿನಲ್ಲಿ ಇರಲಾಗಲಿಲ್ಲ ಎಂದು ಯಾರೂ ಹೇಳಲಿಲ್ಲ. ಅವಳನ್ನು ನಾನು ಈ ಮೊದಲು ನೋಡಿದವನಲ್ಲ. ಎತ್ತರದ ಹುಡುಗಿ, ಬೇಗ ಬೇಗ ನಡೆಯುತ್ತಾಳೆ, ಮಾತಾಡುವಾಗ ಎದುರಿನವರ ಮುಖವನ್ನೇ ನೋಡುತ್ತಾಳೆ.

ಉಮಾವತಿ ಪರಿಚಯ ಮಾಡಿಸಿದಳು. ‘ಇವರೇ ದೂಮಣ್ಣ. ಪಾಪ, ಇವರನ್ನೂ ಆ ಅಮೆರಿಕದವರು ಮೋಸ ಮಾಡಿದ್ದು. ಎಷ್ಟು ನೊಂದುಕೊಂಡಿದ್ದಾರೆ ಗೊತ್ತುಂಟಾ ನಿನಗೆ? ಒಂದು ವರ್ಷದಿಂದ ನಮ್ಮಲ್ಲಿ ಸರಿಯಾಗಿ ಊಟವೇ ಮಾಡುವುದಿಲ್ಲ.’

‘ನಿಮ್ಮ ತಪ್ಪು ಎಂತ ಉಂಟು ಇದರಲ್ಲಿ?’ ಎಂದಳು ವಿನೋದಾ. ‘ಕೇಳಿದ್ದನ್ನು ಹೇಳಿದ್ರಿ.’ ನನ್ನ ತಟ್ಟೆಗೆ ಅನ್ನ ಬಡಿಸಲು ಬಾಗಿದಳು.

ಆ ಅನ್ನ ಉಣ್ಣಲಾಗಲಿಲ್ಲ.

‘ಕೇಳಿದ್ದಲ್ಲ’ ಎಂದೆ. ‘ಕೂಸುಗಳದ್ದು ರೇಡಿಯೋದಲ್ಲಿ ಬಂದದ್ದು. ನರ್ಸುಗಳದ್ದು ಬರಲಿಲ್ಲ. ಅದು ನಾನು ಹಾಕಿದ್ದು.’

ಭೋಜರಾಜ ‘ಎಂತ?’ ಎಂದ. ಕೇಳಿಸದೆ ಕೇಳಿದ್ದಲ್ಲ.

‘ಯಾರೋ ಪ್ರಶ್ನೆ ಹಾಕಿದ್ರು. ಉತ್ತರ ಇರಲಿಲ್ಲ. ಜನ ಕೂತಿದ್ರು.’

ಉಮಾವತಿ ಎದ್ದು ಒಳಗೆ ಹೋದಳು. ಒಳಗಿನಿಂದ ನಲ್ಲಿಯ ನೀರಿನ ಸದ್ದು ಬಂತು, ಬಹಳ ಹೊತ್ತು. ವಿನೋದಾ ಅನ್ನದ ಪಾತ್ರೆ ಕೆಳಗಿಟ್ಟು ನನ್ನ ಎದುರಿಗೇ ಕೂತಳು.

‘ಏನಾದ್ರೂ ಒಂದು ಹೇಳಿದ್ದಿದ್ರೆ ಅಲ್ಲ ಅನ್ನಬಹುದಿತ್ತು ನಾನು’ ಎಂದಳು. ‘ಹೊಡೆದ್ರು ಅಂತ ಹೇಳಿದ್ದಿದ್ರೆ ಹೊಡೆಯಲಿಲ್ಲ ಅನ್ನುತ್ತಿದ್ದೆ. ನೀವು ಏನೂ ಹೇಳಲಿಲ್ಲ. ಏನೂ ಇಲ್ಲದ್ದಕ್ಕೆ ಹೇಗೆ ಉತ್ತರ ಕೊಡುವುದು? ನಮ್ಮ ಊರಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ರೂ ಹೆಂಗಸರು ನಿಂತುಕೊಂಡೇ ಹೋಗ್ತಿದ್ರು.’

‘ನಾನು ಏನು ಮಾಡ್ಬೇಕು, ಹೇಳಿ.’

‘ಮದುವೆ ಮುರಿದದ್ದನ್ನು ನೀವು ಕೂಡಿಸ್ಲಿಕ್ಕೆ ಆಗುವುದಿಲ್ಲ. ನನಗೆ ಅದು ಬೇಕಾಗಿಯೂ ಇಲ್ಲ ಈಗ. ಯಾರಿಗೆ ಹೇಳಿದ್ರೋ ಅವರಿಗೆ ಹೇಳಿ. ನನ್ನ ಹೆಸರು ಎತ್ತಬೇಡಿ. ಅಳಲೂ ಬೇಡಿ. ಅಷ್ಟೇ.’

ಅಳಬೇಡಿ ಎಂದದ್ದು ಯಾಕೆಂದು ಬಸ್ಸಿನಲ್ಲಿ ಬರುವಾಗ ತಿಳಿಯಿತು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಗಂಟಲು ಕಟ್ಟಬೇಕು ಎಂದು.

೧೫ ಫೆಬ್ರವರಿ, ಶನಿವಾರ

ಮೆಸ್ಸಿನಲ್ಲಿ ಹನ್ನೊಂದು ಜನ. ಅಂದಿನ ಹದಿನೇಳರಲ್ಲಿ ಒಂಬತ್ತು ಜನ ಇದ್ದರು. ರೇಡಿಯೋ ನಿಲ್ಲಿಸಿ ಹೇಳಿದೆ. ಎರಡು ವಾಕ್ಯ.

ಯಾರೂ ನಂಬಲಿಲ್ಲ.

‘ಬಿಡಿ ಮಾರಾಯ್ರೆ, ನಿಮಗೆ ಮರೆತುಹೋಗಿದೆ’ ಎಂದರು. ‘ನಾನೇ ಕಿವಿಯಾರೆ ಕೇಳಿದ್ದೇನೆ ರೇಡಿಯೋದಲ್ಲಿ, ಹೆಂಗಸಿನ ದನಿಯಲ್ಲಿ ಬಂತು’ ಎಂದ ಕಿಟಕಿಯ ಕಡೆಯವನೊಬ್ಬ. ಅವನಿಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆಯಲೂ ಬರುವುದಿಲ್ಲ. ‘ದೂಮಣ್ಣನದ್ದು ದೊಡ್ಡ ಮನಸ್ಸು, ಅಮೆರಿಕದವರ ಪಾಪ ತಾನು ಹೊರುತ್ತಾರೆ’ ಎಂದು ಇನ್ನೊಬ್ಬ. ಹೆರಾಲ್ಡ್ ಒಬ್ಬನೇ ನನ್ನನ್ನು ನೋಡಿ ತಲೆ ತಗ್ಗಿಸಿದ. ಅವನಿಗೆ ಅಂದೇ ಗೊತ್ತಿತ್ತು. ಅವನೂ ಸುಮ್ಮನಿದ್ದ.

ಎಲ್ಲರಿಗಿಂತ ಜೋರಾಗಿ ಅಲ್ಲ ಎಂದವನು ಗುರುವ. ‘ರೇಡಿಯೋದಲ್ಲಿ ಬಂದದ್ದೇ. ಕ್ಯಾಸೆಟ್ ಇದ್ದಿದ್ರೆ ತೋರಿಸುತ್ತಿದ್ದೆ. ಅಮ್ಮ ಅದರ ಮೇಲೆ ಭಜನೆ ತುಂಬಿಸಿದ್ದಾರೆ.’ ರೇಡಿಯೋದಲ್ಲಿ ಬರಲಿಲ್ಲ ಎಂದಾದರೆ ಅವನ ಮನೆಯವರು ಒಂದು ಹುಡುಗಿಯನ್ನು ಬಿಟ್ಟದ್ದು ಯಾತಕ್ಕೆ ಎಂದಾಗುತ್ತದೆ?

ನಾನು ಕಟ್ಟಿದ ಮಾತಿಗೆ ಈಗ ನಾನು ಬೇಕಿಲ್ಲ. ಅದರ ಪರವಾಗಿ ನಿಲ್ಲಲು ಹತ್ತು ಜನ ಇದ್ದಾರೆ.

೨೧ ಫೆಬ್ರವರಿ, ಶುಕ್ರವಾರ

ಅಲ್ ಹೈಲಿಗೆ ಹೋದೆ. ಉಮಾವತಿ ಕಿಟಕಿಯಿಂದ ನೋಡಿ ಪರದೆ ಎಳೆದಳು. ಗೇಟಿನ ಹತ್ತಿರ ನಿಂತೆ. ವಿನೋದಾ ಬಂದಳು, ಡ್ಯೂಟಿಯ ಬಿಳಿ ಬಟ್ಟೆಯಲ್ಲೇ ಇದ್ದಳು.

‘ಹೇಳಿದೆ’ ಎಂದೆ. ‘ನಂಬಲಿಲ್ಲ.’

‘ಎಷ್ಟು ಸಲ ಹೇಳಿದ್ರಿ?’

‘ಒಂದು ಸಲ.’

‘ಅವರು ಎಷ್ಟು ಸಲ ಹೇಳಿರಬಹುದು, ಈ ಒಂದೂವರೆ ವರ್ಷದಲ್ಲಿ?’ ವಾಚು ನೋಡಿಕೊಂಡಳು. ಆಸ್ಪತ್ರೆಯ ವ್ಯಾನು ಬಂತು, ಹೋದಳು.

೨೨ ಫೆಬ್ರವರಿ, ಶನಿವಾರ

ಹೇಳಿದೆ. ಎಂಟು ಜನ.

೨೪ ಫೆಬ್ರವರಿ, ಸೋಮವಾರ

ಹೇಳಿದೆ. ‘ಇದು ಯಾವ ಹುಚ್ಚು ಹಿಡಿಯಿತು ಇವರಿಗೆ’ ಎಂದು ಯಾರೋ ತಟ್ಟೆ ಎತ್ತಿಕೊಂಡು ಹೊರಗೆ ಹೋದರು. ಹೆರಾಲ್ಡ್, ‘ರೇಡಿಯೋದಲ್ಲಿ ಬರಲಿಲ್ಲ. ನಾನೂ ಅವತ್ತು ಕೇಳಿದ್ದೇನೆ, ಹೇಳಲಿಲ್ಲ’ ಎಂದ. ಏಳು ಜನ.

೨೬ ಫೆಬ್ರವರಿ, ಬುಧವಾರ

ಹೇಳಿದೆ.

೨೯ ಫೆಬ್ರವರಿ, ಶನಿವಾರ

ಊಟಕ್ಕೆ ಆರು ಜನ. ಕೆಲವರು ಬೇರೆ ಮೆಸ್ಸಿಗೆ ಹೋಗಿದ್ದಾರೆ ಎಂದು ಹೆರಾಲ್ಡ್ ಹೇಳಿದ. ಸಾರು ಬಿಸಿ ಇತ್ತು. ‘ನರ್ಸುಗಳ ಮಾತು ರೇಡಿಯೋದಲ್ಲಿ ಬರಲಿಲ್ಲ. ಅದು ನಾನು ಹಾಕಿದ್ದು’ ಎಂದೆ. ಉಂಡು ಎದ್ದರು.

ಗುರುವ ಮಾತ್ರ ಉಳಿದ. ಪಾತ್ರೆ ಮುಚ್ಚಿದ. ಮತ್ತೆ ತೆಗೆದ. ನನ್ನ ಎದುರು ಬಂದು ಕೂತ.

‘ಸರಿ ದೂಮಣ್ಣ. ನಂಬಿದೆ.’

ಎದುರಿನ ಖಾಲಿ ತಟ್ಟೆಯನ್ನು ಬದಿಗೆ ಸರಿಸಿದ.

‘ಇನ್ನು ಇದನ್ನು ಅಮ್ಮನಿಗೆ ಹೇಗೆ ಹೇಳುವುದು? ಮನೆಗೆ ಬಂದ ಸೊಸೆ ಬಸುರಿ. ಆ ಹುಡುಗಿಯ ಮುಖವನ್ನು ನಾನು ಇಲ್ಲಿ ಎಲ್ಲಾದರೂ ಕಂಡರೆ ಎಂತ ಹೇಳುವುದು? ನಿಮಗೆ ಮಾತು ಬರ್ತದಲ್ಲ, ನೀವು ಹೇಳಿಕೊಡಿ.’

ಗೊತ್ತಿಲ್ಲ ಎಂದೆ.

ಅವನು ಕಾದ. ಕೆಳಗೆ ಗೋದಾಮಿನ ಬಾಗಿಲು ತೆರೆಯುವ ಸದ್ದಾಯಿತು, ನಾಲ್ಕು ಗಂಟೆ. ಇಬ್ಬರೂ ಏಳಲಿಲ್ಲ.